ಏನಿದು ಜಿಯೋಕ್ಯಾಶಿಂಗ್? ಮೊಬೈಲ್ ಹಿಡಿದು ಡಬ್ಬಿ ಹುಡುಕುವ ಆಟದ ಬಗ್ಗೆ ನೀವು ತಿಳಿದಿರಬೇಕಾದ ಸಂಗತಿಗಳು

2011ರ ಜುಲೈ. ಇಂಗ್ಲೆಂಡಿನ ಯಾರ್ಕ್‌ಷೈರ್ ಭಾಗದ ವೆದರ್ಬಿ ಎಂಬ ಪುಟ್ಟ ಪಟ್ಟಣ. ಕೆಫೆಯೊಂದರ ಹೊರಗೆ ವ್ಯಕ್ತಿಯೊಬ್ಬರು ಬಗ್ಗಿ ಏನನ್ನೋ ಇಟ್ಟು ಹೋಗಿದ್ದನ್ನು ಕಂಡವರು ಪೊಲೀಸರಿಗೆ ಫೋನ್ ಮಾಡಿದರು. ರಸ್ತೆ ಬಂದ್ ಆಯಿತು. ಸೇನೆಯ ಬಾಂಬ್ ನಿಷ್ಕ್ರಿಯ ದಳ ಬಂದು ಆ ವಸ್ತುವನ್ನು ಸ್ಫೋಟಿಸಿತು. ಅದು ಬಾಂಬ್ ಅಲ್ಲ, ಒಂದು ಆಟದ ಪ್ಲಾಸ್ಟಿಕ್ ಡಬ್ಬಿ ಅಂತ ಗೊತ್ತಾಗಿದ್ದು ಆಮೇಲೆ.

ಆ ಆಟದ ಹೆಸರೇ ಜಿಯೋಕ್ಯಾಶಿಂಗ್. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಡುತ್ತಾರೆ, ಆ ಜಾಗದ ಅಕ್ಷಾಂಶ-ರೇಖಾಂಶವನ್ನು ಆನ್‌ಲೈನ್‌ನಲ್ಲಿ ಹಾಕುತ್ತಾರೆ. ಗುರುತು ಪರಿಚಯ ಇಲ್ಲದ ಇನ್ನೊಬ್ಬರು ಜಿಪಿಎಸ್ ಹಿಡಿದು ಬಂದು ಹುಡುಕುತ್ತಾರೆ. ಸಿಕ್ಕರೆ ಒಳಗಿರುವ ಪುಸ್ತಕದಲ್ಲೋ ಚೀಟಿಯಲ್ಲೋ ಸಹಿ ಹಾಕಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗುತ್ತಾರೆ. ಇಷ್ಟೇ ಆಟ. ಇಂದು ಜಗತ್ತಿನಲ್ಲಿ ಹೀಗೆ ಬಚ್ಚಿಟ್ಟ ಡಬ್ಬಿಗಳ ಸಂಖ್ಯೆ 30 ಲಕ್ಷ ದಾಟಿದೆ.

ಅಂದಹಾಗೆ, ಕ್ಯಾಶ್ ಅಂದ ಕೂಡಲೇ ದುಡ್ಡು ಅಂದುಕೊಳ್ಳಬೇಡಿ. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದ ಮಾತಿದು. ಡಬ್ಬಿಯೊಳಗೆ ಸಾಮಾನ್ಯವಾಗಿ ಸಿಗುವುದು ಕೀಚೈನ್, ಗೋಲಿ, ಪ್ಲಾಸ್ಟಿಕ್ ಡೈನೋಸಾರ್‌ನಂಥ ಚಿಲ್ಲರೆ ವಸ್ತುಗಳು. ಕೆಲವದರಲ್ಲಿ ಸಹಿ ಚೀಟಿ ಬಿಟ್ಟು ಏನೂ ಇರುವುದಿಲ್ಲ.

ಶುರುವಾಗಿದ್ದು ಒಂದು ಬಕೆಟ್‌ನಿಂದ

2000ದ ಮೇ 1ರವರೆಗೆ ಜನಸಾಮಾನ್ಯರ ಜಿಪಿಎಸ್ ಅಷ್ಟೇನೂ ನಿಖರವಾಗಿರಲಿಲ್ಲ. ಅಮೆರಿಕದ ಸೇನೆ ಬೇಕೆಂದೇ ಸಿಗ್ನಲ್‌ನಲ್ಲಿ ದೋಷ ಸೇರಿಸುತ್ತಿದ್ದ ಕಾರಣ ಸುಮಾರು 100 ಮೀಟರ್‌ವರೆಗೂ ತಪ್ಪು ತೋರಿಸುತ್ತಿತ್ತು. ಅಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಆ ದೋಷವನ್ನು ತೆಗೆದುಹಾಕುವುದಾಗಿ ಘೋಷಿಸಿದರು. ರಾತ್ರೋರಾತ್ರಿ ಜಗತ್ತಿನ ಜಿಪಿಎಸ್‌ಗಳೆಲ್ಲ ಹತ್ತು ಪಟ್ಟು ನಿಖರವಾದವು.

ಎರಡೇ ದಿನಕ್ಕೆ, ಮೇ 3ರಂದು, ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಕಪ್ಪು ಪ್ಲಾಸ್ಟಿಕ್ ಬಕೆಟ್ ಒಂದನ್ನು ಇಟ್ಟು ಅದರ ಜಾಗವನ್ನು ಅಂತರ್ಜಾಲದಲ್ಲಿ ಬರೆದರು. ಒಳಗೆ ಪುಸ್ತಕ, ವಿಡಿಯೊ, ಸಾಫ್ಟ್‌ವೇರ್, ಸ್ವಲ್ಪ ದುಡ್ಡು, ಒಂದು ಚಾಟರ್‌ಬಿಲ್ಲು, ತಿನ್ನುವ ಪದಾರ್ಥ ಇದ್ದವು. ಮೂರು ದಿನದೊಳಗೆ ಇಬ್ಬರು ಅದನ್ನು ಹುಡುಕಿದ್ದರು. ಮೊದಲಿಗ ಮೈಕ್ ಟೀಗ್. ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಎಂಬವರು ಜಿಯೋಕ್ಯಾಶಿಂಗ್ ಎಂಬ ಹೆಸರು ಸೂಚಿಸಿದರು. ಸೆಪ್ಟೆಂಬರ್‌ನಲ್ಲಿ ಜೆರೆಮಿ ಐರಿಷ್ ಜಿಯೋಕ್ಯಾಶಿಂಗ್ ಡಾಟ್ ಕಾಮ್ ತೆರೆದಾಗ ಅದರಲ್ಲಿದ್ದ ಡಬ್ಬಿಗಳು ಬರೀ 75.

ತಮಾಷೆ ಏನೆಂದರೆ, ಉಲ್ಮರ್ ಅವರ ಬಕೆಟ್ ಮುಕ್ಕಾಲು ಪಾಲು ಮಣ್ಣಿನಲ್ಲಿ ಹೂತಿತ್ತು. ಜಾಗದ ಮಾಲೀಕರ ಸ್ಪಷ್ಟ ಅನುಮತಿಯಿಲ್ಲದೆ ಹೂಳುವಂತಿಲ್ಲ, ತಿನಿಸು ಇಡುವಂತಿಲ್ಲ ಎಂಬುದು ಇಂದಿನ ನಿಯಮ. ಅಂದರೆ ಜಗತ್ತಿನ ಮೊದಲ ಕ್ಯಾಶ್ ಇವತ್ತಾಗಿದ್ದರೆ ಅನುಮತಿಯೇ ಸಿಗದೆ ವಾಪಸ್ ಬರುತ್ತಿತ್ತು!

ಇದಕ್ಕೂ ಹಳೆಯ ಅಜ್ಜನೊಬ್ಬನಿದ್ದಾನೆ. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಗೈಡ್, ನಡೆದು ಬಂದವರು ತಮ್ಮ ಗುರುತಿನ ಕಾರ್ಡ್ ಹಾಕಿ ಹೋಗಲೆಂದು ಬಾಟಲಿ ಇಟ್ಟಿದ್ದರು. ಅದರಿಂದ ಬೆಳೆದ ‘ಲೆಟರ್‌ಬಾಕ್ಸಿಂಗ್’ ಇಂದಿಗೂ ಅಲ್ಲಿ ನಡೆಯುತ್ತದೆ.

ಮೊದಲ ಸಲ ಹುಡುಕುವವರು ತಪ್ಪುವುದೆಲ್ಲಿ?

ಫೋನ್ ಸಾಕು. ಅಧಿಕೃತ ಆ್ಯಪ್‌ನಲ್ಲಿ ಉಚಿತ ಖಾತೆ ತೆರೆದರೆ ಸುತ್ತಮುತ್ತಲಿನ ಡಬ್ಬಿಗಳು ನಕ್ಷೆಯಲ್ಲಿ ಕಾಣುತ್ತವೆ. ಕೆಲವು ಮಾತ್ರ ಹಣ ಕಟ್ಟಿದ ಸದಸ್ಯರಿಗೆ.

ಪ್ರತಿ ಕ್ಯಾಶ್‌ಗೂ ಎರಡು ಅಂಕ ಇರುತ್ತವೆ. ಹುಡುಕುವುದು ಎಷ್ಟು ಕಷ್ಟ ಎಂಬುದು ಒಂದು, ಅಲ್ಲಿಗೆ ತಲುಪುವ ದಾರಿ ಎಷ್ಟು ಕಷ್ಟ ಎಂಬುದು ಇನ್ನೊಂದು. ಎರಡೂ 1ರಿಂದ 5ರವರೆಗೆ, ಅರ್ಧರ್ಧ ಅಂಕದಲ್ಲಿ. ದಾರಿಗೆ 5 ಅಂಕ ಅಂದರೆ ದೋಣಿಯೋ ಹಗ್ಗವೋ ಬೇಕು ಅಂತ ಅರ್ಥ. ಹೊಸಬರು ಎರಡರಲ್ಲೂ 1.5 ದಾಟದಿರುವುದು ಒಳ್ಳೆಯದು.

ಹೆಚ್ಚಿನವರು ಎಡವುವುದು ಅಂಕಿಗಳಲ್ಲಿ. ಕ್ಯಾಶ್‌ನ ಸ್ಥಾನವನ್ನು ಡಿಗ್ರಿ ಮತ್ತು ನಿಮಿಷದಲ್ಲಿ ಬರೆಯುತ್ತಾರೆ, ನಿಮಿಷಕ್ಕೆ ಮೂರು ದಶಮಾಂಶ ಸ್ಥಾನ. ಆದರೆ ಫೋನಿನ ನಕ್ಷೆ ಬರೀ ಡಿಗ್ರಿಯ ದಶಮಾಂಶ ಕೇಳಬಹುದು. 12 ಡಿಗ್ರಿ 30 ನಿಮಿಷ ಅಂದರೆ 12.50 ಡಿಗ್ರಿ, 12.30 ಅಲ್ಲ. ಈ ಒಂದು ತಪ್ಪಿಗೆ 22 ಕಿಲೋಮೀಟರ್ ವ್ಯತ್ಯಾಸ. ಪಾಂಡವಪುರದಲ್ಲಿ ಹುಡುಕಬೇಕಾದವರು ಮೈಸೂರಿನಲ್ಲಿ ಇಳಿದಿರುತ್ತೀರಿ.

ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ಇನ್ನೂ ಹೆಚ್ಚು ತಪ್ಪುತ್ತದೆ. ಆದ್ದರಿಂದ ಕೊನೆಯ ಹತ್ತು ಮೀಟರ್‌ನಲ್ಲಿ ಫೋನ್ ಜೇಬಿಗಿಟ್ಟು ಕಣ್ಣು ಬಳಸಿ. ನಾನೇ ಬಚ್ಚಿಡುವುದಾದರೆ ಇಲ್ಲಿ ಎಲ್ಲಿಡುತ್ತಿದ್ದೆ ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಸಿಗುತ್ತದೆ.

ಬಚ್ಚಿಡುವ ಬಗೆಗಳು

ಹಳೆಯ ಆಟಗಾರರಿಗೆ ಪ್ರಿಯವಾದದ್ದು ಸೇನೆಯ ಮದ್ದುಗುಂಡಿನ ಕಬ್ಬಿಣದ ಪೆಟ್ಟಿಗೆ. ನೀರು ಒಳಗೆ ಹೋಗುವುದಿಲ್ಲ, ವರ್ಷಗಟ್ಟಲೆ ಕಾಡಿನಲ್ಲಿ ಬಾಳುತ್ತದೆ. ಆದರೆ ನಗರದಲ್ಲಿ ಅದನ್ನು ನೋಡಿದವರ ಗತಿ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಹೀಗಾಗಿ ಊರೊಳಗೆ ಚಿಕ್ಕ ಡಬ್ಬಿಗಳೇ ಹೆಚ್ಚು: ಕ್ಯಾಮೆರಾ ರೀಲಿನ ಹಳೆಯ ಡಬ್ಬಿ, ಅಯಸ್ಕಾಂತ ಅಂಟಿಸಿದ ಕೀಲಿ ಡಬ್ಬಿ, ಬೆರಳ ತುದಿಯಷ್ಟೇ ಇರುವ ‘ನ್ಯಾನೊ’. ನ್ಯಾನೊ ಒಳಗಿನ ಚೀಟಿಯನ್ನು ಬೀಡಿಯಂತೆ ಸುತ್ತಿಟ್ಟಿರುತ್ತಾರೆ. ಬಿಚ್ಚುವುದು ಸುಲಭ, ಮತ್ತೆ ಸುತ್ತಿ ಒಳಗೆ ತೂರಿಸುವುದರಲ್ಲಿದೆ ಕಷ್ಟ.

ಅಮೆರಿಕದಲ್ಲಿ ಪಾರ್ಕಿಂಗ್ ಜಾಗದ ದೀಪದ ಕಂಬದ ಬುಡದಲ್ಲಿ ಲೋಹದ ಮುಚ್ಚಳವೊಂದಿರುತ್ತದೆ. ಅದನ್ನು ಎತ್ತಿದರೆ ಕ್ಯಾಶ್. ಅಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಪಳಗಿದವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ನಮ್ಮಲ್ಲಿ ಇದನ್ನು ಅನುಕರಿಸಲು ಹೋಗಬೇಡಿ. ಇಲ್ಲಿನ ಬೀದಿದೀಪದ ಕಂಬಕ್ಕೆ ಕೈಹಾಕುವುದು ಅಪಾಯ, ಮಳೆಗಾಲದಲ್ಲಂತೂ ಪ್ರಾಣಕ್ಕೇ ಸಂಚಕಾರ.

ನಿಜವಾದ ಕೈಚಳಕ ಕಾಣುವುದು ವೇಷ ಹಾಕಿದ ಡಬ್ಬಿಗಳಲ್ಲಿ. ನೂರಾರು ಕಲ್ಲುಗಳ ನಡುವೆ ಒಂದು ನಕಲಿ ಕಲ್ಲು. ಬೇಲಿಯಲ್ಲಿರುವ ಹತ್ತು ಬೋಲ್ಟ್‌ಗಳಲ್ಲಿ ಒಳಗೆ ಟೊಳ್ಳಾಗಿರುವ ಒಂದು. ನೀರು ಸುರಿದರೆ ಮಾತ್ರ ತೇಲಿ ಮೇಲೆ ಬರುವ ಕೊಳವೆ. ರಾತ್ರಿ ಟಾರ್ಚ್ ಬಿಟ್ಟರಷ್ಟೇ ಹೊಳೆಯುವ ಪಿನ್ನುಗಳ ಸಾಲನ್ನು ಹಿಡಿದು ಕಾಡಿನೊಳಗೆ ಹೋಗಬೇಕಾದ ಕ್ಯಾಶ್‌ಗಳೂ ಇವೆ. ಕೆಲವು ‘ಮಲ್ಟಿ’, ಒಂದು ಕಡೆ ಸಿಕ್ಕ ಸುಳಿವು ಇನ್ನೊಂದು ಕಡೆಗೆ ಕಳಿಸುತ್ತದೆ. ಕೆಲವು ‘ಮಿಸ್ಟರಿ’, ಮನೆಯಲ್ಲಿ ಕೂತು ಸುಡೊಕುವೋ ಸಂಕೇತವೋ ಬಿಡಿಸಿದ ಮೇಲೆಯೇ ನಿಜವಾದ ಜಾಗ ಗೊತ್ತಾಗುವುದು.

ಡಬ್ಬಿಯೇ ಇಲ್ಲದ ಬಗೆಯೊಂದಿದೆ, ಅದರ ಹೆಸರು ಅರ್ಥ್‌ಕ್ಯಾಶ್. 2004ರಲ್ಲಿ ಶುರುವಾದ ಇದಕ್ಕೆ ಅಮೆರಿಕದ ಜಿಯಾಲಾಜಿಕಲ್ ಸೊಸೈಟಿಯ ಬೆಂಬಲವಿತ್ತು. ಭೂವಿಜ್ಞಾನದ ದೃಷ್ಟಿಯಿಂದ ವಿಶೇಷವಾದ ಜಾಗಕ್ಕೆ ಹೋಗಿ, ಬಂಡೆಯನ್ನೋ ಮಣ್ಣಿನ ಪದರವನ್ನೋ ನೋಡಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಕಳಿಸಿದರೆ ಅದೇ ‘ಸಿಕ್ಕಿತು’. ಅಲ್ಲಿ ಏನನ್ನೂ ಇಡಬೇಕಿಲ್ಲ, ಮುಟ್ಟಬೇಕಿಲ್ಲ.

ಅಗೆಯಬೇಡಿ, ಅಡಗಿಸಿ ಕೆಡಿಸಬೇಡಿ

ಸುದ್ದಿಮನೆಯಲ್ಲಿ ಕೂತವರಿಗೆ ‘ನಿಧಿ ಆಸೆಗೆ ದೇಗುಲ ಅಗೆದ ದುಷ್ಕರ್ಮಿಗಳು’ ಎಂಬ ತಲೆಬರಹ ಹೊಸದಲ್ಲ. ಕರ್ನಾಟಕದಲ್ಲಿ ನಿಧಿ ಹುಡುಕಾಟ ಅಂದರೆ ಜನರಿಗೆ ಮೊದಲು ನೆನಪಾಗುವುದು ಗುದ್ದಲಿ, ಅಮಾವಾಸ್ಯೆ ಮತ್ತು ಪೊಲೀಸ್ ಕೇಸ್. ಜಿಯೋಕ್ಯಾಶಿಂಗ್ ಇದಕ್ಕೆ ತದ್ವಿರುದ್ಧ. ಇಡುವಾಗಲೂ ಹುಡುಕುವಾಗಲೂ ಮಾಲೀಕರ ಸ್ಪಷ್ಟ ಅನುಮತಿಯಿಲ್ಲದೆ ನೆಲ ಅಗೆಯುವಂತಿಲ್ಲ, ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ಕಟ್ಟಡದ ಕಲ್ಲು ಕೀಳುವಂತಿಲ್ಲ.

ಡಬ್ಬಿ ಇಡುವ ಮೊದಲು ಜಾಗದ ಮಾಲೀಕರ ಅನುಮತಿ ಬೇಕು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಬೇಕು (ಒಂದು ಮೈಲಿಯ ಹತ್ತನೇ ಒಂದು ಭಾಗ). ಆಹಾರ, ಮದ್ಯ, ಚಾಕು, ಪಟಾಕಿ ಇಡುವಂತಿಲ್ಲ. ಇದನ್ನೆಲ್ಲ ಪರಿಶೀಲಿಸಿ ಪ್ರಕಟಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಒಮ್ಮೆ ಪ್ರಕಟವಾದ ಮೇಲೆ ಮುಚ್ಚಳ ಒಡೆದರೆ, ಚೀಟಿ ತುಂಬಿದರೆ ಹೋಗಿ ಸರಿಪಡಿಸುವುದು ಇಟ್ಟವರ ಜವಾಬ್ದಾರಿ. ಊರಿಗೆ ರಜೆಗೆ ಹೋದಾಗ ಒಂದು ಇಟ್ಟು ಮುಂಬೈಗೆ ವಾಪಸ್ ಬಂದುಬಿಡುವ ಯೋಚನೆ ಇದ್ದರೆ ಈಗಲೇ ಕೈಬಿಡಿ.

ಹುಡುಕುವವರ ಮರ್ಯಾದೆಯೂ ಇದೆ. ಸಹಿ ಹಾಕದಿದ್ದರೆ ಸಿಕ್ಕಿದ್ದು ಲೆಕ್ಕಕ್ಕಿಲ್ಲ. ಒಳಗಿನಿಂದ ಒಂದು ವಸ್ತು ತೆಗೆದರೆ ಅಷ್ಟೇ ಬೆಲೆಯ ಅಥವಾ ಅದಕ್ಕಿಂತ ಒಳ್ಳೆಯದನ್ನು ಇಡಬೇಕು. ಸಂಖ್ಯೆ ಕೆತ್ತಿದ ‘ಟ್ರಾವೆಲ್ ಬಗ್’ ಬಿಲ್ಲೆ ಸಿಕ್ಕರೆ ಅದು ನಿಮ್ಮದಲ್ಲ, ಇನ್ನೊಂದು ಡಬ್ಬಿಗೆ ದಾಟಿಸಬೇಕು. ಜಾಗ ಬಿಟ್ಟುಕೊಡುವಂಥ ಫೋಟೊ ಹಾಕಬಾರದು. ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಬೇಕು. ಹಲವರು ಇದನ್ನು ಅವಮಾನ ಎಂದು ಬರೆಯುವುದಿಲ್ಲ. ಆದರೆ ಸತತವಾಗಿ ನಾಲ್ಕೈದು ಜನ ಹೀಗೆ ಬರೆದರೆ ಮಾತ್ರ ಡಬ್ಬಿ ಕಳೆದಿದೆ ಅಂತ ಇಟ್ಟವರಿಗೆ ಗೊತ್ತಾಗುವುದು.

ಆಟ ಗೊತ್ತಿಲ್ಲದವರನ್ನು ಆಟಗಾರರು ಹ್ಯಾರಿ ಪಾಟರ್ ಕಥೆಯಿಂದ ಎರವಲು ಪಡೆದು ‘ಮಗಲ್’ ಎನ್ನುತ್ತಾರೆ. ಅವರ ಕಣ್ಣಿಗೆ ಬೀಳದಂತೆ ಹುಡುಕುವುದು ಆಟದ ಮಜಾ. ನಮ್ಮ ನಗರಗಳಲ್ಲಿ ಪೆಚ್ಚಾಗುವ ಸರದಿ ಬರುವುದೂ ಇಲ್ಲೇ. ರೈಲು ನಿಲ್ದಾಣದಲ್ಲಿ, ಮೆಟ್ರೋದಲ್ಲಿ ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ ಎಂದು ಕೇಳಿ ಕೇಳಿ ಬೆಳೆದವರು ನಾವು. ಬೆಂಚಿನಡಿ ಕೈಹಾಕಿ ತಡಕಾಡುತ್ತಿರುವವರನ್ನು ಕಂಡು ಸೆಕ್ಯುರಿಟಿ ಗಾರ್ಡ್ ಬಂದು ವಿಚಾರಿಸಿದರೆ ಅದು ಅವರ ತಪ್ಪಲ್ಲ. ಸುಳ್ಳು ಹೇಳದೆ ಆ್ಯಪ್ ತೆರೆದು ತೋರಿಸಿ. ಡಬ್ಬಿಯ ಮೇಲೆ ಇದು ಆಟದ ವಸ್ತು ಅಂತ ದೊಡ್ಡದಾಗಿ ಬರೆದಿರಬೇಕು, ಡಬ್ಬಿ ಪಾರದರ್ಶಕವಾಗಿದ್ದರೆ ಇನ್ನೂ ಉತ್ತಮ. ನಿಲ್ದಾಣ, ಸೇತುವೆ, ಶಾಲೆ, ಸರ್ಕಾರಿ ಕಚೇರಿ, ಮಾಲ್‌ಗಳ ಹತ್ತಿರ ಇಡಲೇಬಾರದು. ವೆದರ್ಬಿಯಲ್ಲಿ ಆದದ್ದು ದಾದರ್‌ನಲ್ಲೋ ಸಿಕಂದರಾಬಾದ್‌ನಲ್ಲೋ ಆದರೆ ಪರಿಣಾಮ ಅಷ್ಟಕ್ಕೇ ಮುಗಿಯುವುದಿಲ್ಲ.

ಅಪಾಯ ಇರುವುದು ಪೊಲೀಸರಿಂದ ಮಾತ್ರವೂ ಅಲ್ಲ. 2018ರ ಜೂನ್‌ನಲ್ಲಿ ಪ್ರಾಗ್ ನಗರದ ನೆಲದಡಿಯ ಕಾಲುವೆಯೊಳಗೆ ಕ್ಯಾಶ್ ಹುಡುಕಲು ಇಳಿದ ತಂಡವೊಂದು ದಿಢೀರ್ ಮಳೆಯ ನೀರಿಗೆ ಸಿಕ್ಕಿ, ಇಬ್ಬರು ಪ್ರಾಣ ಕಳೆದುಕೊಂಡರು.

ನೆನಪಿನಲ್ಲಿ ಉಳಿದ ಕ್ಯಾಶ್‌ಗಳು

ಉಲ್ಮರ್ ಅವರ ಬಕೆಟ್ ಈಗಿಲ್ಲ. ಆ ಜಾಗದಲ್ಲಿ ಸ್ಮಾರಕ ಫಲಕವಿದೆ, ಆಟಗಾರರಿಗೆ ಅದು ತೀರ್ಥಕ್ಷೇತ್ರ ಇದ್ದಂತೆ. ಬಕೆಟ್‌ನಲ್ಲಿದ್ದ ಅವರೆಕಾಳಿನಂಥ ಬೀನ್ಸ್ ತುಂಬಿದ ತಗಡಿನ ಡಬ್ಬ ಮಾತ್ರ ಮುಂದೆ ಸಿಕ್ಕಿ, ಈಗ ಆಟಗಾರರ ಸಮಾವೇಶಗಳಲ್ಲಿ ಪ್ರದರ್ಶನಕ್ಕೆ ಬರುತ್ತದೆ. 2000ದ ಮೇ 11ರಂದು ಕ್ಯಾನ್ಸಸ್‌ನಲ್ಲಿ ಇಟ್ಟ ‘ಮಿಂಗೊ’ ಅತಿ ಹಳೆಯ ಕ್ಯಾಶ್‌ಗಳಲ್ಲಿ ಒಂದಾಗಿ ಹೆಸರು ಮಾಡಿದೆ.

ಅತಿ ದೂರದ ಕ್ಯಾಶ್ ಇಟ್ಟವರು ವಿಡಿಯೊ ಗೇಮ್ ತಯಾರಕ ರಿಚರ್ಡ್ ಗ್ಯಾರಿಯಟ್. 2002ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಸುಮಾರು 2,300 ಮೀಟರ್ ಆಳದ ಬಿಸಿನೀರಿನ ಬುಗ್ಗೆಯ ಬಳಿ ಒಂದನ್ನು ಇಟ್ಟರು. 2008ರಲ್ಲಿ ತಾವೇ ದುಡ್ಡು ಕೊಟ್ಟು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅಲ್ಲಿಯೂ ಒಂದು. ಅದನ್ನು ‘ಹುಡುಕಿದ’ ಮೊದಲಿಗ ನಾಸಾ ಗಗನಯಾತ್ರಿ ರಿಕ್ ಮಾಸ್ಟ್ರಾಕಿಯೊ, 2013ರಲ್ಲಿ. 2021ರಲ್ಲಿ ಮಂಗಳಕ್ಕಿಳಿದ ಪರ್ಸಿವರೆನ್ಸ್ ರೋವರ್‌ನ ಉಪಕರಣವೊಂದರ ಬಿಲ್ಲೆಯ ಮೇಲೆ ಟ್ರಾವೆಲ್ ಬಗ್ ಸಂಖ್ಯೆ ಇದೆ. ನಾಸಾ ಬಿಡುಗಡೆ ಮಾಡುವ ಚಿತ್ರಗಳಲ್ಲಿ ಅದನ್ನು ಓದಿ ಭೂಮಿಯ ಮೇಲಿನವರೂ ದಾಖಲಿಸಬಹುದು.

ಭಾರತದಲ್ಲಿ ಆಡುವುದಾದರೆ

ಯುರೋಪ್, ಅಮೆರಿಕಕ್ಕೆ ಹೋಲಿಸಿದರೆ ನಮ್ಮ ನಕ್ಷೆ ಖಾಲಿ ಖಾಲಿ. ಹಾಗಂತ ಕೋಟೆಗಳಲ್ಲಿ ಡಬ್ಬಿ ಇಡಲು ಹೊರಡಬೇಡಿ. ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಅಭಯಾರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ವಿದೇಶದಿಂದ ಬರುವ ಗೆಳೆಯರು ಇದ್ದರೆ ಒಂದು ಮಾತು ಹೇಳಿ: ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಾರಣದ ಉಪಕರಣವನ್ನು ಪರವಾನಗಿ ಇಲ್ಲದೆ ಇಲ್ಲಿ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಅದರೊಂದಿಗೆ ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ.

ನನ್ನ ಪ್ರಕಾರ ನಮ್ಮ ಕಡೆಗೆ ಹೇಳಿಮಾಡಿಸಿದ್ದು ಅರ್ಥ್‌ಕ್ಯಾಶ್. ಅಂಧೇರಿಯ ಕಟ್ಟಡಗಳ ನಡುವೆ ಸುಮಾರು 6.6 ಕೋಟಿ ವರ್ಷ ಹಳೆಯ ಗಿಲ್ಬರ್ಟ್ ಹಿಲ್‌ನ ಕಪ್ಪು ಶಿಲಾಕಂಬಗಳು ನಿಂತಿವೆ. ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರಿಸ್ ದ್ವೀಪ, ಬೆಂಗಳೂರಿಗೆ ಹೋದರೆ ಲಾಲ್‌ಬಾಗ್‌ನ ಸುಮಾರು 300 ಕೋಟಿ ವರ್ಷದ ಬಂಡೆ. ಇಂಥಲ್ಲಿ ಯಾವ ಗಾರ್ಡ್‌ಗೂ ಗಾಬರಿಯಾಗದು, ಯಾವ ಕಲ್ಲೂ ಅಲುಗದು.

ಡಬ್ಬಿಯನ್ನೇ ಹುಡುಕಬೇಕು ಎನ್ನುವವರು ಮಳೆಗಾಲ ಮುಗಿದ ಮೇಲೆ, ಹಗಲು ಹೊತ್ತಿನಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು ಹೊರಡಿ. ಪೆನ್ ಬದಲು ಪೆನ್ಸಿಲ್ ಇಟ್ಟುಕೊಳ್ಳಿ. ತೇವ ಹಿಡಿದ ಚೀಟಿಯ ಮೇಲೆ ಪೆನ್ ಮೂಡುವುದಿಲ್ಲ.