ಆಕಾಶದಿಂದ ಉತ್ತರ ಬರದಿದ್ದಾಗ

2023ರ ಆಗಸ್ಟ್ 20, ಭಾನುವಾರ. ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರದ ಹೊಲದಲ್ಲಿ ಡಿಆರ್‌ಡಿಒದ ತಪಸ್ ಡ್ರೋನ್ ಬಿತ್ತು. ನೋಡೋಕೆ ಜನ ಸೇರಿದ್ರು. ರುಸ್ತುಂ-2 ಅಂತ ಹೆಸರಿದ್ದ ಕಾಲಕ್ಕೆ, 2016ರ ನವೆಂಬರ್‌ನಲ್ಲಿ, ಇದು ಮೊದಲು ಹಾರಿದ್ದೂ ನಮ್ಮ ಜಿಲ್ಲೆಯಲ್ಲೇ. 2019ರ ಸೆಪ್ಟೆಂಬರ್ 17ರಂದು ಚಳ್ಳಕೆರೆ ಕಡೆ ಜೋಡಿಚಿಕ್ಕೇನಹಳ್ಳಿಯಲ್ಲೂ ಒಂದು ಬಿದ್ದಿತ್ತು. ಎರಡೂ ಸಲ ಜನರಿಗೆ ಏನೂ ಆಗ್ಲಿಲ್ಲ.

ಈ ಅಪಘಾತಗಳನ್ನು ನಾನು ಸಂಪರ್ಕದ ಲೆಕ್ಕಕ್ಕೆ ಹಾಕ್ತಿಲ್ಲ. ಆದ್ರೆ ಪೈಲಟ್ ಇಲ್ಲದ ವಿಮಾನ ತಲೆ ಮೇಲೆ ಹಾರುವಾಗ ಕೇಳಲೇಬೇಕಲ್ಲ, ನೆಲದ ಜತೆ ಮಾತು ನಿಂತ್ರೆ ಅದು ಏನ್ ಮಾಡತ್ತೆ?

ಬಿ.ಕಾಂ ಓದಿದ ನನಗೆ ಇದು ಯುಪಿಐ ಥರ ಕಂಡಿತು. ಉತ್ತರ ಬರಲಿಲ್ಲ ಅಂದ್ರೆ ದುಡ್ಡು ಹೋಗಿಲ್ಲ ಅಂತ ಅಲ್ಲ. ಆ್ಯಪ್ ‘ಪೆಂಡಿಂಗ್’ ಅಂತ ತೋರಿಸಿ ಮತ್ತೆ ವಿಚಾರಿಸತ್ತೆ. ಆಕಾಶದಲ್ಲಿ ಪೆಂಡಿಂಗ್ ಇರೋಕಾಗಲ್ಲ, ಇಂಧನ ಮುಗಿಯತ್ತೆ. ಅದಕ್ಕೇ ಇಂಥ ವಿಮಾನಗಳ ಸಾಫ್ಟ್‌ವೇರ್‌ನಲ್ಲಿ ಗಡುವು ಇಟ್ಟಿರ್ತಾರೆ. ಒಂದೆರಡು ಸಂದೇಶ ತಪ್ಪಿದ್ರೆ ಗಾಬರಿ ಬೇಡ, ಕಾಯಿ. ಗಡುವು ಮೀರಿದ್ರೆ ಹಳೇ ಆದೇಶ ಬಿಡು, ಹೊರಡೋ ಮುಂಚೆ ಬರೆದಿಟ್ಟ ದಾರೀಲಿ ವಾಪಸ್ ಬಾ. ಆ ದಾರಿ ಯಾವ ಊರ ಮೇಲೆ ಹಾಯಬಾರದು ಅನ್ನೋದನ್ನ ಮಾತ್ರ ಮನುಷ್ಯರೇ ಮೊದಲು ತೀರ್ಮಾನಿಸಬೇಕು.

2023ರ ಜೂನ್ 16ರಂದು ತಪಸ್ ಚಿತ್ರದುರ್ಗದ ಪರೀಕ್ಷಾ ವಲಯದಿಂದ ಹಾರಿತ್ತು. ಕಾರವಾರ ನೌಕಾನೆಲೆಯಿಂದ 148 ಕಿ.ಮೀ. ದೂರ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗು 40 ನಿಮಿಷ ಅದನ್ನು ನಡೆಸಿತು. ಒಟ್ಟು ಮೂರೂವರೆ ಗಂಟೆ ಹಾರಿ, ಸುಸೂತ್ರವಾಗಿ ಮರಳಿ ಇಲ್ಲಿಗೇ ಬಂದಿಳಿಯಿತು. ವದ್ದಿಕೆರೆ ಅಪಘಾತ ಅದಾಗಿ ಎರಡೇ ತಿಂಗಳಿಗೆ.