ಹೃದಯದ ತಾಳ ಅಳೆದ ವಿಕಿರಣ

ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ತೇರು ಸಾಗಬೇಕಾದರೆ ಹಗ್ಗ ಹಿಡಿದವರೆಲ್ಲ ಒಟ್ಟಿಗೆ ಎಳೆಯಬೇಕು. ಹೃದಯದ ಎಡ ಹೃತ್ಕುಕ್ಷಿಯೂ ಹಾಗೆಯೇ. ಅದರ ಒಂದು ಭಿತ್ತಿ ತಡವಾಗಿ ಸಂಕುಚಿಸಿದರೆ ಸಾಕಷ್ಟು ರಕ್ತ ಹೊರಚಿಮ್ಮದು. ಹೃದಯದ ಕಾಲಗಣನೆಗೆ ವಿಕಿರಣವನ್ನು ಬಳಸಿದ ಕಥೆ ಸುಮಾರು ನೂರು ವರ್ಷ ಹಳೆಯದು.

ಬಾಸ್ಟನ್ನಿನ ವೈದ್ಯರಾದ ಹರ್ಮನ್ ಬ್ಲೂಮ್‌ಗಾರ್ಟ್ ಮತ್ತು ಸೋಮಾ ವೈಸ್ ವಿಕಿರಣಶೀಲ ದ್ರಾವಣವನ್ನು ಒಂದು ತೋಳಿಗೆ ಚುಚ್ಚಿ, ಅದು ಇನ್ನೊಂದು ತೋಳು ತಲುಪುವ ಸಮಯವನ್ನು ಅಳೆದು 1927ರಲ್ಲಿ ಪ್ರಕಟಿಸಿದರು. 1950ರ ದಶಕದಲ್ಲಿ ಹಾಲ್ ಆಂಗರ್ ರೂಪಿಸಿದ ಗಾಮಾ ಕ್ಯಾಮೆರಾ, 6 ಗಂಟೆಗಳ ಅರ್ಧಾಯುವಿನ ಟೆಕ್ನೀಷಿಯಂ-99ಎಂ, ಇವೆರಡೂ ಸೇರಿ ಹೃದಯದ ಚಿತ್ರಣ ಸುಲಭವಾಯಿತು. 1971ರಲ್ಲಿ ಸ್ಟ್ರಾಸ್, ಜಾರೆಟ್ ಮತ್ತು ಸಂಗಡಿಗರು ಇ.ಸಿ.ಜಿ.ಯೊಡನೆ ಚಿತ್ರಗಳನ್ನು ಹೊಂದಿಸಿದರು. ನೂರಾರು ಬಡಿತಗಳು ಒಂದೇ ಬಡಿತದ ಹಂತಗಳಾಗಿ ಕಂಡವು. 1979ರಲ್ಲಿ ಜರ್ಮನಿಯ ಆಡಂ ತಂಡ ಫೂರಿಯೆ ಗಣಿತದಿಂದ ಯಾವ ಭಾಗ ಯಾವಾಗ ಸಂಕುಚಿಸುತ್ತದೆಂದು ಗುರುತಿಸಿತು.

ಈ ಗಣಿತಕ್ಕೆ ಹೊಸ ಕೆಲಸ ಕೊಟ್ಟದ್ದು ಪೇಸ್‌ಮೇಕರ್. ಎರಡೂ ಹೃತ್ಕುಕ್ಷಿಗಳನ್ನು ಒಟ್ಟಿಗೆ ಪ್ರಚೋದಿಸುವ ವಿಧಾನವನ್ನು 1994ರಲ್ಲಿ ಫ್ರಾನ್ಸಿನ ಕಾಜೋ ತಂಡ ವರದಿಮಾಡಿತು. 2001ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ನೀಡಿತು. ಇದೇ ಸಿ.ಆರ್.ಟಿ. ಆದರೆ ಸುಮಾರು ಮೂರರಲ್ಲೊಂದು ಪಾಲು ರೋಗಿಗಳಿಗೆ ನಿರೀಕ್ಷಿತ ಗುಣ ಕಾಣುವುದಿಲ್ಲ. ಲಕ್ಷಾಂತರ ರೂಪಾಯಿಯ ಸಾಧನ ಯಾರಿಗೆ ಫಲಿಸೀತೆಂದು ಮೊದಲೇ ತಿಳಿಯುವುದು ಹೇಗೆ?

2005ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಜಿ ಚೆನ್ ಮತ್ತು ಸಂಗಡಿಗರು ಸಾಮಾನ್ಯ ಸ್ಪೆಕ್ಟ್ ಪರೀಕ್ಷೆಯ ಚಿತ್ರಗಳಿಂದಲೇ ಈ ತಾಳವನ್ನು ಲೆಕ್ಕಹಾಕಿದರು. ತಡವಾಗಿ ಸಂಕುಚಿಸುವ ಭಾಗ, ಸತ್ತು ಕಲೆಯಾದ ಸ್ನಾಯು ಎರಡೂ ಒಂದೇ ಪರೀಕ್ಷೆಯಲ್ಲಿ ಕಾಣುತ್ತವೆ. ಕಲೆಯ ಮೇಲೆ ತಂತಿ ಕೂರಿಸಿದರೆ ಪ್ರಯೋಜನ ಕಡಿಮೆ. ಆದರೂ ರೋಗಿಯ ಆಯ್ಕೆಗೆ ಇಂದಿಗೂ ಮುಖ್ಯ ಆಧಾರ ಇ.ಸಿ.ಜಿ. ಮತ್ತು ಹೃದಯದ ಪಂಪು ಸಾಮರ್ಥ್ಯವೇ. ವಿಕಿರಣಚಿತ್ರ ಅವಕ್ಕೆ ಪೂರಕ, ಪರ್ಯಾಯವಲ್ಲ.