ಮನೇಲೇ ಓದಿದವರು ಡಿಗ್ರಿ ಸೇರೋದು ಹೆಂಗ? ಆಳಂದ, ಅಫಜಲಪುರ, ಜೇವರ್ಗಿಯವರಿಗೆ ಪೂರ್ತಿ ಮಾಹಿತಿ

ಕಲಬುರಗಿ: 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. 1980ರಲ್ಲಿ ಶುರುವಾದ ಗುಲ್ಬರ್ಗಾ ವಿಶ್ವವಿದ್ಯಾಲಯ ಇರುವುದು ಕಲಬುರಗಿಯಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇವೆ. ಅಂದರೆ ಡಿಗ್ರಿ ಓದಲಿಕ್ಕೆ ಬೆಂಗಳೂರಿಗೆ ಹೋಗಬೇಕಂತಿಲ್ಲ. ಆದರೆ ಸಾಲಿ ಮೆಟ್ಟಿಲು ಹತ್ತದೇ ಮನೆಯಲ್ಲಿ ಕಲಿತವರು, ಅಂಗಡಿ ನೋಡಿಕೊಳ್ತಾ ಓದಿದವರು, ಕಬ್ಬು ಕಡಿಯೋಕೆ ಹೋದ ತಂದೆ-ತಾಯಿ ಜೊತೆ ಊರೂರು ತಿರುಗಿ ಅರ್ಧಕ್ಕೆ ಬಿಟ್ಟವರು, ಮಠದಲ್ಲೋ ಮದ್ರಸಾದಲ್ಲೋ ಕಲಿತವರು ಈ ಗೇಟಿನ ತನಕ ಬಂದು ವಾಪಸ್ ಹೋಗಬೇಕಾಗುತ್ತದೆ. ಬುದ್ಧಿ ಇರುತ್ತದೆ, ಕಾಗದ ಇರುವುದಿಲ್ಲ.

ಆ ಕಾಗದ ಕಾನೂನು ಪ್ರಕಾರ ಮಾಡಿಕೊಳ್ಳುವ ದಾರಿ ಇವೆ. ಒಂದೊಂದಾಗಿ ನೋಡೋಣ.

14 ದಾಟಿಲ್ಲ ಅಂದ್ರೆ

ಮಗುವಿಗೆ 14 ವರ್ಷದೊಳಗಿದ್ದರೆ ಸಾಲಿಗೆ ಹಚ್ಚುವುದೇ ಸಲೀಸು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗು ಹಿಂದೆ ಎಂದೂ ಸಾಲಿಗೆ ಹೋಗದಿದ್ದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದರ 4ನೇ ಕಲಂ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಟಿಸಿ ತಡವಾಯ್ತು ಅಂತಲೂ ಪ್ರವೇಶ ನಿಲ್ಲಿಸುವಂತಿಲ್ಲ. ಹೆಡ್‌ಮಾಸ್ತರರು ಒಪ್ಪದಿದ್ದರೆ ತಾಲ್ಲೂಕಿನ ಬಿಇಒ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಎಸ್ಸೆಸ್ಸೆಲ್ಸಿ ‘ಎಕ್ಸ್‌ಟರ್ನಲ್’ ಕಟ್ಟುವುದು

ನಮ್ಮ ಕಡೆ ‘ಎಕ್ಸ್‌ಟರ್ನಲ್ ಕಟ್ಟೋದು’ ಅಂತ ಕರೆಯುವುದಕ್ಕೆ ಸರ್ಕಾರಿ ಹೆಸರು ಖಾಸಗಿ ಅಭ್ಯರ್ಥಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯೇ ಪರೀಕ್ಷೆ ನಡೆಸುತ್ತದೆ. 15 ವರ್ಷ ತುಂಬಿರಬೇಕು. ಒಟ್ಟು 625 ಅಂಕ, ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಬೇರೆ ಭಾಷಾ ವಿಷಯ ಬಿಟ್ಟು ಉಳಿದದ್ದನ್ನು ಕನ್ನಡದಲ್ಲೇ ಬರೆಯಬಹುದು, ಪಠ್ಯಪುಸ್ತಕ ಎಲ್ಲಾ ಕಡೆ ಸಿಗುತ್ತವೆ. ಈ ದಾರಿಯ ದೊಡ್ಡ ಅನುಕೂಲ ಅದೇ. ಯಾವ ಪ್ರೌಢಶಾಲೆಯ ಮೂಲಕ ಅರ್ಜಿ ಹಾಕಬೇಕು, ಕೊನೇ ತಾರೀಖು ಯಾವಾಗ ಅನ್ನುವುದನ್ನು ಬಿಇಒ ಕಚೇರಿಯಲ್ಲಿ ವಿಚಾರಿಸಿ. ಪರೀಕ್ಷೆ ಬೇಸಿಗೆಯಲ್ಲಿ ಅಂತ ಆಗ ಹೋದರೆ ಆಗುವುದಿಲ್ಲ, ನೋಂದಣಿ ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ.

ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಪಿಯು ಕಾಲೇಜಿಗೆ ಸೇರಬಹುದು. ಇಲ್ಲಾ ದ್ವಿತೀಯ ಪಿಯುಸಿಯನ್ನೂ ಖಾಸಗಿಯಾಗಿ ಕಟ್ಟಬಹುದು. ಆದರೆ ಅದು ಕಲಾ ಮತ್ತು ವಾಣಿಜ್ಯ ವಿಭಾಗಕ್ಕೆ ಮಾತ್ರ. ವಿಜ್ಞಾನ ಬೇಕು ಅಂದ್ರೆ ಈ ದಾರಿ ಬಂದ್.

ಎನ್‌ಐಒಎಸ್ ಅಂದ್ರೆ ಏನು?

ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ಬೋರ್ಡ್. 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಅಂತ ಶುರುವಾಯಿತು. ಕರ್ನಾಟಕಕ್ಕೆ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಮನೇಲೇ ಓದಿದ ಮಕ್ಕಳಲ್ಲಿ ಹೆಚ್ಚಿನವರು ದೇಶದಾದ್ಯಂತ ಹಿಡಿಯುವ ದಾರಿ ಇದೇ.

- 10ನೇ ತರಗತಿಗೆ ಕನಿಷ್ಠ 14 ವರ್ಷ, 12ಕ್ಕೆ ಕನಿಷ್ಠ 15 ವರ್ಷ. ಮೇಲ್ಮಿತಿ ಇಲ್ಲ. 40 ವರ್ಷದ ಅಂಗಡಿಯವರೂ ಕಟ್ಟಬಹುದು.
- ಪಾಸಾಗಲು ಐದು ವಿಷಯ ಸಾಕು, ಅದರಲ್ಲಿ ಒಂದು ಭಾಷೆ ಇರಬೇಕು. ಪಾಸಿಗೆ ಶೇ 33.
- ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್.
- ಒಮ್ಮೆ ನೋಂದಣಿ ಮಾಡಿದರೆ 5 ವರ್ಷದಲ್ಲಿ 9 ಅವಕಾಶ. ಪಾಸಾದ ವಿಷಯ ಪಾಸೇ. ಬಿಟ್ಟದ್ದನ್ನಷ್ಟೇ ಮತ್ತೆ ಬರೆಯಬೇಕು.
- ಬೇರೆ ಬೋರ್ಡ್‌ನಲ್ಲಿ ಫೇಲಾಗಿದ್ದರೂ, ಅಲ್ಲಿ ಪಾಸಾದ ಎರಡು ವಿಷಯಗಳ ತನಕ ಅಂಕ ಇಲ್ಲಿಗೆ ತರಬಹುದು.
- ಹೆಣ್ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಶುಲ್ಕ ಕಡಿಮೆ.

10 ಪಾಸಾದ ಮೇಲೆ 12ರ ಪ್ರಮಾಣಪತ್ರಕ್ಕೆ ಎರಡು ವರ್ಷದ ಅಂತರ ಇರಲೇಬೇಕು. ‘ಒಂದೇ ವರ್ಷದಲ್ಲಿ 10, 12 ಎರಡೂ ಪಾಸ್ ಮಾಡಿಸ್ತೀವಿ’ ಅನ್ನುವ ಏಜೆಂಟರ ಮಾತು ನಂಬಬೇಡಿ. ಫಾರ್ಮ್ ತುಂಬುವಾಗ ಯಾವ ವಿಷಯ ಯಾವ ಮಾಧ್ಯಮದಲ್ಲಿ ಸಿಗುತ್ತದೆ ಅಂತಲೂ ನೋಡಿಕೊಳ್ಳಿ. ಮಗು ಕನ್ನಡದಲ್ಲಿ ಓದಿದ್ದು, ಪುಸ್ತಕ ಇಂಗ್ಲಿಷ್‌ನಲ್ಲಿ ಬಂದರೆ ಕಷ್ಟ.

ವಿಜ್ಞಾನ ಓದುವವರು ಅಧ್ಯಯನ ಕೇಂದ್ರದಲ್ಲಿ ಪ್ರಾಕ್ಟಿಕಲ್ ಮುಗಿಸಬೇಕು. ಟಿಸಿ ಎಲ್ಲಿಂದ ತರೋದು ಅನ್ನುವ ಚಿಂತೆ ಬೇಡ. ಪಾಸಾದವರಿಗೆ ಎನ್‌ಐಒಎಸ್ ತಾನೇ ವಲಸೆ ಮತ್ತು ವರ್ಗಾವಣೆ ಪ್ರಮಾಣಪತ್ರ ಕೊಡುತ್ತದೆ.

12 ಆಯ್ತು, ಮುಂದೆ ಎಲ್ಲಿ?

*ತಾಲ್ಲೂಕಿನ ಡಿಗ್ರಿ ಕಾಲೇಜು:* ಅರ್ಜಿ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬೇಕು. ಎನ್‌ಐಒಎಸ್‌ನವರು ಮೂಲ ಅಂಕಪಟ್ಟಿ ಮತ್ತು ವಲಸೆ ಪ್ರಮಾಣಪತ್ರ ತಗೊಂಡು ಮೊದಲೇ ಕಾಲೇಜಿನ ಕಚೇರಿಗೆ ಒಂದ್ಸಲ ಹೋಗಿ ಬನ್ನಿ.

*ಕಡಗಂಚಿ ಕೇಂದ್ರೀಯ ವಿವಿ:* 2022ರಿಂದ ಪದವಿ ಪ್ರವೇಶ ಸಿಯುಇಟಿ ಪರೀಕ್ಷೆಯ ಮೇಲೆ. ಎನ್‌ಐಒಎಸ್ 12ನೇ ತರಗತಿಯವರೂ ಬರೆಯಬಹುದು. ಪ್ರಶ್ನೆಪತ್ರಿಕೆ 13 ಭಾಷೆಯಲ್ಲಿ ಇರುತ್ತದೆ, ಅದರಲ್ಲಿ ಕನ್ನಡವೂ ಒಂದು. ಎಷ್ಟು ವರ್ಷ ಸಾಲಿಗೆ ಹೋಗಿದ್ದಿ ಅಂತ ಈ ಪರೀಕ್ಷೆ ಕೇಳುವುದಿಲ್ಲ. ಮನೇಲಿ ಓದಿದವರಿಗೆ ಇದು ಹತ್ತಿರದ, ಒಳ್ಳೆಯ ಬಾಗಿಲು.

*ದೂರಶಿಕ್ಷಣ:* ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿವಿ 1996ರಲ್ಲಿ ಆರಂಭವಾದದ್ದು, ಕಲಬುರಗಿಯಲ್ಲಿ ಅದರ ಪ್ರಾದೇಶಿಕ ಕೇಂದ್ರ ಇದೆ. ಅಂಗಡಿ, ಹೊಲ ಬಿಡಲಾಗದವರಿಗೆ ಅನುಕೂಲ. 1985ರಲ್ಲಿ ಶುರುವಾದ ಇಗ್ನೊದಲ್ಲಿ 12 ಪಾಸಾಗದವರಿಗೆ ಬಿಪಿಪಿ ಅನ್ನುವ ಪೂರ್ವಸಿದ್ಧತಾ ಕೋರ್ಸ್ ಇದೆ. ಆದರೆ ಬಿಪಿಪಿ 12ನೇ ತರಗತಿಗೆ ಸಮ ಅಲ್ಲ. ಮುಂದೆ ಪಿಯುಸಿ ಅಂಕಪಟ್ಟಿ ಕೇಳುವ ನೌಕರಿಗೆ ಅರ್ಜಿ ಹಾಕುವಾಗ ತೊಡಕಾಗಬಹುದು.

*ಎಂಜಿನಿಯರಿಂಗ್, ಮೆಡಿಕಲ್:* ಜೆಇಇ ಮೇನ್‌ಗೆ ಐದು ವಿಷಯದೊಂದಿಗೆ ಎನ್‌ಐಒಎಸ್ 12 ಪಾಸಾದವರು ಅರ್ಹರು. ನೀಟ್‌ನಿಂದ ಮುಕ್ತ ಶಾಲೆಯವರನ್ನು ಹೊರಗಿಟ್ಟಿದ್ದ ನಿಯಮವನ್ನು ದೆಹಲಿ ಹೈಕೋರ್ಟ್ 2018ರ ಮೇ ತಿಂಗಳಲ್ಲಿ ರದ್ದು ಮಾಡಿತು. ಈಗ ಅವರೂ ಬರೆಯಬಹುದು.

ಹುಷಾರಾಗಿರಬೇಕಾದದ್ದು ಕೆಸಿಇಟಿ ವಿಷಯದಲ್ಲಿ. ರಾಜ್ಯದ ಸರ್ಕಾರಿ ಸೀಟಿಗೆ ಹೆಚ್ಚಿನವರು ಅರ್ಹರಾಗುವುದು ‘ಎ’ ಕಲಂ ಕೆಳಗೆ. ಅದಕ್ಕೆ 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕರ್ನಾಟಕದ ಮಾನ್ಯತೆ ಪಡೆದ ಶಾಲೆ-ಕಾಲೇಜಿನಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಪೂರ್ತಿ ಮನೆಯಲ್ಲೇ ಓದಿದ ಮಗು ಈ 7 ವರ್ಷ ತೋರಿಸಲಾರದು. ಮಗಳು ಎಂಜಿನಿಯರ್ ಆಗಬೇಕು ಅನ್ನುವ ಮನೆಯವರು ಇದನ್ನು 12ರಲ್ಲಿ ಅಲ್ಲ, 5ನೇ ತರಗತಿಯ ವಯಸ್ಸಿನಲ್ಲೇ ಯೋಚಿಸಬೇಕು. ಬೇರೆ ಕಲಂ ಅನ್ವಯಿಸುತ್ತದೋ ಅಂತ ಆ ವರ್ಷದ ಕೆಇಎ ಮಾಹಿತಿ ಪುಸ್ತಕ ನೋಡಿ.

371 (ಜೆ) ಸರ್ಟಿಫಿಕೇಟ್ ಮರೀಬೇಡಿ

ಕಲ್ಯಾಣ ಕರ್ನಾಟಕದಲ್ಲಿರುವ ರಾಜ್ಯದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ಹೊರಗಿನ ಜಿಲ್ಲೆಗಳ ಸಂಸ್ಥೆಗಳಲ್ಲಿ ಶೇ 8 ಸೀಟು ಈ ಭಾಗದವರಿಗೆ ಮೀಸಲು. 2013ರಿಂದ ಇದು ಜಾರಿಯಲ್ಲಿದೆ. ಅರ್ಹತಾ ಪತ್ರ ಕೊಡುವವರು ಸಹಾಯಕ ಆಯುಕ್ತರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಲಬುರಗಿ ಉಪವಿಭಾಗಕ್ಕೆ ಸೇರುತ್ತವೆ. ಸಾಲಿಗೆ ಹೋದವರಿಗೆ ಸಾಲಿ ದಾಖಲೆಯೇ ಆಧಾರ ಆಗುತ್ತದೆ. ಮನೇಲಿ ಓದಿದವರು ಜನನ ಪ್ರಮಾಣಪತ್ರ, ತಂದೆ-ತಾಯಿಯ ವಾಸದ ಮತ್ತು ಓದಿನ ದಾಖಲೆ ಜೋಡಿಸಿಟ್ಟುಕೊಳ್ಳಬೇಕು. ಜನನ ನೋಂದಣಿ ಆಗಿಲ್ಲದೆ ಒಂದು ವರ್ಷ ದಾಟಿದ್ದರೆ ಅಧಿಕಾರಿಯ ಆದೇಶ ಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಆಧಾರ್, ಜನನ ಪತ್ರ, ಅಂಕಪಟ್ಟಿ ಮೂರರಲ್ಲೂ ಹೆಸರು, ತಾರೀಖು ಒಂದೇ ಇರಲಿ.

ಕಾಗದ ಇಲ್ಲದೇನೂ ಸೀಟು ಸಿಕ್ಕವರಿದ್ದಾರೆ, ಆದರೆ...

ಮುಂಬೈನ ಮಾಳವಿಕಾ ರಾಜ್ ಜೋಶಿ ಅವರನ್ನು ತಾಯಿ ಸಾಲಿ ಬಿಡಿಸಿ ಮನೇಲಿ ಓದಿಸಿದರು. 10, 12ರ ಅಂಕಪಟ್ಟಿ ಇಲ್ಲದೇನೇ 2016ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸೀಟು ಸಿಕ್ಕಿತು. ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಒಲಿಂಪಿಯಾಡ್‌ನಲ್ಲಿ ಮೂರು ಪದಕ ಗೆದ್ದಿದ್ದು ಅದಕ್ಕೆ ಕಾರಣ. ಅದೇ ಹುಡುಗಿಗೆ 12 ಪಾಸಾಗಿಲ್ಲ ಅನ್ನುವ ಕಾರಣಕ್ಕೆ ಐಐಟಿ ಬಾಗಿಲು ಮುಚ್ಚಿತ್ತು. ಇಂಥವರು ಲಕ್ಷಕ್ಕೊಬ್ಬರು. ನಮ್ಮ ಮಕ್ಕಳಿಗೆ 10, 12ರ ಕಾಗದವೇ ಗಟ್ಟಿ.

ದುಡ್ಡು ಕೊಡೋ ಮುಂಚೆ

ಬೋರ್ಡ್ ಅಸಲಿಯೋ ನಕಲಿಯೋ ಅಂತ ಶಾಲಾ ಮಂಡಳಿಗಳ ಪರಿಷತ್ತು ಕೋಬ್ಸೆಯ ಪಟ್ಟಿಯಲ್ಲಿ ನೋಡಿ. ವಿಶ್ವವಿದ್ಯಾಲಯ ಆದರೆ ಯುಜಿಸಿ ಪಟ್ಟಿ ನೋಡಿ, ನಕಲಿ ವಿವಿಗಳ ಹೆಸರನ್ನೂ ಯುಜಿಸಿಯೇ ಪ್ರಕಟಿಸುತ್ತದೆ. ಪರೀಕ್ಷೆಗೆ ಬರೋದೇ ಬೇಡ ಅಂದವರಿಂದ ದೂರ ಇರಿ. ಶುಲ್ಕವನ್ನು ಬೋರ್ಡ್‌ನ ಅಧಿಕೃತ ಪೋರ್ಟಲ್‌ನಲ್ಲೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಏಜೆಂಟರದ್ದಲ್ಲ, ನಿಮ್ಮದೇ ಮೊಬೈಲ್ ನಂಬರ್ ಹಾಕಿ. ಒಟಿಪಿ ಅವರ ಕೈಗೆ ಹೋದರೆ ಹಾಲ್ ಟಿಕೆಟ್ಟೂ ಅವರ ಕೈಗೇ ಹೋಗುತ್ತದೆ.

ನಿಯಮ, ತಾರೀಖು ವರ್ಷ ವರ್ಷ ಬದಲಾಗುತ್ತವೆ. ಅರ್ಜಿ ಹಾಕುವ ಮುಂಚೆ ಆ ವರ್ಷದ ಸುತ್ತೋಲೆ ಓದಿಕೊಳ್ಳಿ.